ಗುಡ್ಡದ ಮೇಲೆ ಡಬ್ಬ ಇಡುವ ಮೊದಲು

ಈ ಸಲ ಬಂದ ಪತ್ರಗಳಲ್ಲಿ ಜಾಸ್ತಿ ಒಂದೇ ವಿಷಯದವು. ಹಳ್ಳಿಗೆ ಸಂಪರ್ಕ ಬೇಕು, ಯಾವುದನ್ನು ಹಾಕಿಸೋಣ? ನಾನು ಮೂವತ್ತೊಂದು ವರ್ಷ ಶಿವಮೊಗ್ಗ ಜಿಲ್ಲೆಯ ಹಳ್ಳಿ ಎಕ್ಸ್‌ಚೇಂಜ್‌ಗಳಲ್ಲಿ ಟೆಕ್ನಿಷಿಯನ್ ಆಗಿ ದುಡಿದವಳು. ನಿವೃತ್ತಿಯಾದ ಮೇಲೂ ಈ ಕೆಲಸಕ್ಕೆ ಊರೂರು ತಿರುಗುವುದು ಬಿಟ್ಟಿಲ್ಲ. ಕಂಡದ್ದು, ಮಾಡಿದ್ದು, ತಿಳಿದದ್ದು ಸೇರಿಸಿ ಹೇಳುತ್ತೇನೆ.

ಪ್ರಶ್ನೆ: ಮೇಡಂ, ನಮ್ಮದು ಶರಾವತಿ ಹಿನ್ನೀರಿನ ಆಚೆ ದಡದ ಊರು. 64 ಮನೆ. ಯಾವ ಕಂಪನಿಯ ನೆಟ್‌ವರ್ಕೂ ಸಿಗಲ್ಲ. ಒಂದು ಫೋನ್ ಮಾಡಲು ಗುಡ್ಡ ಹತ್ತಬೇಕು. ಯುವಕ ಸಂಘದಿಂದ ಎರಡೂವರೆ ಲಕ್ಷ ರೂಪಾಯಿ ಕೂಡಿಸಿದ್ದೇವೆ. ಒಬ್ಬರು ಗುಡ್ಡದ ಮೇಲೆ ವೈ-ಫೈ ಡಬ್ಬ ಇಟ್ಟು ಸೋಲಾರ್‌ನಲ್ಲಿ ನಡೆಸಿಕೊಡ್ತೀನಿ ಅಂತಾರೆ. ಇನ್ನೊಬ್ಬರು ಉಪಗ್ರಹದ ಡಿಶ್ ಹಾಕಿಸಿ ಅಂತಾರೆ. ಯಾವುದು ಒಳ್ಳೆಯದು?
(ಓದುಗರು, ಸಾಗರ ತಾಲೂಕು)

ಉತ್ತರ: ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಮಾರುವವರು ಏನು ಹೇಳಿದರು ಅನ್ನೋದನ್ನ ವಿವರವಾಗಿ ಬರೆದಿದ್ದೀರಿ. ನಿಮ್ಮೂರಿನ ಯಾರಿಗೆ ಯಾರ ಜೊತೆ ಮಾತಾಡಬೇಕಾಗಿದೆ ಅನ್ನೋದರ ಬಗ್ಗೆ ಒಂದು ಸಾಲೂ ಇಲ್ಲ. ದುಡ್ಡು ಕೊಡುವ ಮೊದಲು ಒಂದು ವಾರ ತಡೆಯಿರಿ. ನೋಟ್‌ಬುಕ್ ಹಿಡಿದು 64 ಮನೆಗೂ ಹೋಗಿ. ಗಂಡಸರು ತೋಟಕ್ಕೆ ಹೋದ ಹೊತ್ತಿನಲ್ಲೂ ಒಂದು ಸಲ ಹೋಗಿ, ಹೆಂಗಸರು ಹೇಳೋದು ಬೇರೆಯೇ ಇರುತ್ತದೆ. "ಇಂಟರ್ನೆಟ್ ಬೇಕಾ" ಅಂತ ಕೇಳಬೇಡಿ. ಎಲ್ಲರೂ ಬೇಕು ಅಂತಾರೆ, ಅದರಿಂದ ಏನೂ ತಿಳಿಯುವುದಿಲ್ಲ. "ಹೋದ ತಿಂಗಳು ಯಾವ ಯಾವ ಕೆಲಸಕ್ಕೆ ಗುಡ್ಡ ಹತ್ತಿದಿರಿ?" ಅಂತ ಕೇಳಿ.

ನಿಮ್ಮಂಥದೇ ಊರಲ್ಲಿ ನಾನು ಹೀಗೆ ಕೇಳಿದ್ದೆ. ಒಬ್ಬ ಅಜ್ಜಿಗೆ ಬೆಂಗಳೂರಿನ ಮಗಳ ಜೊತೆ ವಾರಕ್ಕೊಮ್ಮೆ ಮಾತು. ರೇಷನ್ ಅಂಗಡಿಯವರಿಗೆ ಹೆಬ್ಬೆಟ್ಟು ಒತ್ತಿಸುವ ಯಂತ್ರಕ್ಕೆ ಸಿಗ್ನಲ್. ಹುಡುಗರಿಗೆ ವಿಡಿಯೋ. ಅಡಿಕೆ ಧಾರಣೆ ಎರಡು ಮನೆಯವರು ಹೇಳಿದರು. ಆದರೆ ಹೆಚ್ಚು ಮನೆಗಳಲ್ಲಿ ಬಂದ ಮಾತು ಬೇರೆ. ರಾತ್ರಿ ಯಾರಿಗಾದರೂ ಹೆಚ್ಚುಕಮ್ಮಿ ಆದರೆ 108ಕ್ಕೆ ಹೇಗೆ ಹೇಳೋದು? ಮಳೆಗಾಲದ ರಾತ್ರಿ ಬ್ಯಾಟರಿ ಹಿಡಿದು, ಉಂಬಳ ಕಿತ್ತೆಸೆಯುತ್ತಾ ಗುಡ್ಡ ಹತ್ತಿದ ಕಥೆ ಮೂರು ಮನೆಯಲ್ಲಿ ಕೇಳಿದೆ. ಆ ಊರಿಗೆ ಬೇಕಾದದ್ದು ವೇಗದ ಇಂಟರ್ನೆಟ್ ಅಲ್ಲ. ಜುಲೈ ತಿಂಗಳಲ್ಲಿ, ಕರೆಂಟ್ ಹೋದ ರಾತ್ರಿ ಎರಡು ಗಂಟೆಗೂ ಹೋಗುವ ಒಂದು ಫೋನ್ ಕರೆ. ಇದು ಗೊತ್ತಾದ ಮೇಲೆ ಯಾವ ಸಾಮಾನು ಕೊಳ್ಳಬೇಕು ಅನ್ನೋದು ತಾನಾಗೇ ಬದಲಾಯಿತು.

ಈಗ ಗುಡ್ಡದ ಡಬ್ಬದ ವಿಷಯ. ವೈ-ಫೈ ದೂರ ಹೋಗಲ್ಲ ಅನ್ನೋದು ತಪ್ಪು. 2007ರಲ್ಲಿ ವೆನೆಜುವೆಲಾದಲ್ಲಿ ಎರ್ಮಾನ್ನೊ ಪಿಯೆತ್ರೊಸೆಮೊಲಿ ಮತ್ತು ಅವರ ಗೆಳೆಯರು ಎರಡು ಬೆಟ್ಟದ ತುದಿಗಳ ನಡುವೆ 382 ಕಿಲೋಮೀಟರ್ ದೂರ ವೈ-ಫೈ ಲಿಂಕ್ ಮಾಡಿ ತೋರಿಸಿದ್ದಾರೆ. ನಡುವೆ ಏನೂ ಅಡ್ಡ ಇರಲಿಲ್ಲ, ಅಷ್ಟೇ. ನಮ್ಮ ಮಲೆನಾಡಲ್ಲಿ ಅಡ್ಡ ಇರೋದೇ ಮರ.

ಇದನ್ನು ನಾನು ಕಷ್ಟಪಟ್ಟು ಕಲಿತೆ. ಕೆಲವು ವರ್ಷದ ಹಿಂದೆ ಒಂದು ಸಂಸ್ಥೆಯವರ ಜೊತೆ ಸೇರಿ ಒಂದು ದಿಂಬದಿಂದ (ದಿಣ್ಣೆಯಿಂದ) ಶಾಲೆಗೆ ಲಿಂಕ್ ಹಾಕಿದ್ದೆ. ಏಪ್ರಿಲ್ ತಿಂಗಳು. ನಡುವೆ ಒಂದು ಸಾಗುವಾನಿ ನೆಡುತೋಪು. ಬೇಸಿಗೆಯಲ್ಲಿ ಸಾಗುವಾನಿ ಎಲೆ ಉದುರಿಸಿ ಬೋಳಾಗಿ ನಿಂತಿರುತ್ತದೆ. ಕಡ್ಡಿಗಳ ಸಂದಿಯಿಂದ ಆಚೆ ಶಾಲೆಯ ಹೆಂಚು ಕಾಣುತ್ತಿತ್ತು. ಸಿಗ್ನಲ್ ಚೆನ್ನಾಗಿ ಬಂತು. ಮಕ್ಕಳು ಚಪ್ಪಾಳೆ ತಟ್ಟಿದರು. ಮುಖ್ಯೋಪಾಧ್ಯಾಯರು ಪಾಯಸ ಮಾಡಿಸಿದರು. ಜೂನ್ ಎರಡನೇ ವಾರಕ್ಕೆ ಲಿಂಕ್ ಸತ್ತಿತು. ಹೋಗಿ ನೋಡಿದರೆ ಮರದ ತುಂಬ ಊಟದ ಎಲೆಯಷ್ಟು ಅಗಲದ ಹಸಿರೆಲೆ, ಒಂದೊಂದರ ಮೇಲೂ ನೀರು. ವೈ-ಫೈ ಅಲೆಗಳನ್ನು ನೀರು ಕುಡಿದುಬಿಡುತ್ತದೆ. ಅಂಥ ಸಾವಿರಾರು ಒದ್ದೆ ಎಲೆ ದಾಟಿ ಏನೂ ಬರುವುದಿಲ್ಲ. ತಪ್ಪು ನನ್ನದೇ. ಆ ಶಾಲೆಯ ಮಕ್ಕಳ ಮುಖ ಈಗಲೂ ನೆನಪಾಗುತ್ತದೆ. ಆದ್ದರಿಂದ ಮಾರುವವರು ಬೇಸಿಗೆಯಲ್ಲಿ ತೋರಿಸಿದ ಸಿಗ್ನಲ್ ನಂಬಬೇಡಿ. ಆಗಸ್ಟ್‌ನಲ್ಲಿ ಜಡಿಮಳೆ ಹೊಡೆಯುವಾಗ ಪರೀಕ್ಷೆ ಮಾಡಿ ತೋರಿಸಿದ ಮೇಲೆ ಪೂರ್ತಿ ದುಡ್ಡು ಅಂತ ಬರೆಸಿಕೊಳ್ಳಿ. ಇನ್ನೊಂದು ಮಾತು. ಕಂಬ ಉಳಿಸೋಣ ಅಂತ ಆಂಟೆನಾವನ್ನು ಅಡಿಕೆ ಮರಕ್ಕೆ ಕಟ್ಟಬೇಡಿ. ಅದು ಗಾಳಿಗೆ ತೂಗುತ್ತದೆ, ಆಂಟೆನಾದ ಮುಖ ತಪ್ಪುತ್ತದೆ. ನೇಪಾಳದ ಮ್ಯಾಗ್ದಿ ಜಿಲ್ಲೆಯ ನಾಂಗಿ ಎಂಬ ಊರಲ್ಲಿ ಮಹಾಬೀರ್ ಪುನ್ ಅವರು ಮೊದಮೊದಲು ಮರದ ಮೇಲೇ ಆಂಟೆನಾ ಕಟ್ಟಿ ಬೆಟ್ಟದೂರುಗಳಿಗೆ ಇಂಟರ್ನೆಟ್ ಮುಟ್ಟಿಸಿದರು, ನಿಜ. ಆ ಕೆಲಸಕ್ಕೆ 2007ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿಯೂ ಬಂತು. ಆದರೆ ಅವು ಗಟ್ಟಿ ಮರಗಳು, ನಮ್ಮ ಅಡಿಕೆಯಂತೆ ಬಳುಕುವಂಥವಲ್ಲ.

ಮುಂದಿನದು ಸೋಲಾರ್. ಕೂತು ಲೆಕ್ಕ ಹಾಕೋಣ. ಗುಡ್ಡದ ಮೇಲೆ ಎರಡು ರೇಡಿಯೋ (ವೈ-ಫೈ ಸಿಗ್ನಲ್ ಕಳಿಸಿ ಹಿಡಿಯುವ ಪೆಟ್ಟಿಗೆ), ಅವುಗಳ ಕೇಬಲ್ ಕೂಡಿಸುವ ಒಂದು ಸಣ್ಣ ಸ್ವಿಚ್, ಎಲ್ಲ ಸೇರಿ 15 ವ್ಯಾಟ್ ಅಂದುಕೊಳ್ಳಿ. ದಿನಕ್ಕೆ 360 ವ್ಯಾಟ್-ಅವರ್. 12 ವೋಲ್ಟಿನ 100 ಆಂಪಿಯರ್-ಅವರ್ ಬ್ಯಾಟರಿಯಲ್ಲಿ 1200 ಇರುತ್ತದೆ. ಲೆಡ್-ಆಸಿಡ್ ಬ್ಯಾಟರಿ ಬಾಳಬೇಕಾದರೆ ಅದರಲ್ಲಿ ಅರ್ಧ ಮಾತ್ರ ಬಳಸಬೇಕು. ಅಂದರೆ 600. ಎರಡು ದಿನಕ್ಕೂ ಸಾಲದು. ನಿಮ್ಮ ಕಡೆ ಜುಲೈನಲ್ಲಿ ಎಷ್ಟು ದಿನ ಬಿಸಿಲು ಮುಖ ತೋರಿಸುವುದಿಲ್ಲ ಅಂತ ನನಗಿಂತ ನಿಮಗೇ ಗೊತ್ತು. ಐದು ದಿನ ತಡೆಯಬೇಕಾದರೆ ಅಂಥ ಮೂರು ಬ್ಯಾಟರಿ ಬೇಕು, ಅವನ್ನು ಹೊತ್ತುಕೊಂಡು ಗುಡ್ಡ ಹತ್ತಬೇಕು. ನಿಮ್ಮ ಸೋಲಾರಿನವರು ಎಷ್ಟು ಬ್ಯಾಟರಿ ಬರೆದಿದ್ದಾರೆ, ನೋಡಿ. ಒಂದೇ ಅಂತಿದ್ದರೆ ಅವರು ಮಲೆನಾಡಿಗೆ ಲೆಕ್ಕ ಹಾಕಿಲ್ಲ.

ನನ್ನ ಸಲಹೆ ಏನೆಂದರೆ, ಡಬ್ಬ ಗುಡ್ಡದ ತುದಿಯಲ್ಲೇ ಇರಬೇಕು ಅಂತಿಲ್ಲ. ಇಳಿಜಾರಿನಲ್ಲಿ, ಎದುರು ದಡ ಕಾಣುವ, ಕರೆಂಟ್ ಇರುವ ಒಂದು ಮನೆ ಹುಡುಕಿ. ಮಲೆನಾಡಿನ ಎಷ್ಟೋ ಮನೆಯವರು ಹಳ್ಳದ ನೀರಿಗೆ ಸಣ್ಣ ಟರ್ಬೈನ್ ಕೂರಿಸಿ ಕರೆಂಟ್ ತೆಗೆಯುತ್ತಾರೆ. ಬಿಸಿಲಿಲ್ಲದ ದಿನಗಳಲ್ಲೇ ಹಳ್ಳ ತುಂಬಿ ಹರಿಯುತ್ತದೆ. ಅಂಥ ಮನೆ ಸಿಕ್ಕರೆ ನಿಮ್ಮ ಅರ್ಧ ಚಿಂತೆ ಮುಗಿಯಿತು. ಬೇಸಿಗೆಗೆ ಒಂದು ಸೋಲಾರ್ ಪ್ಯಾನೆಲ್ ಇಟ್ಟುಕೊಂಡರೆ ಸಾಕು.

ಎದುರು ದಡದಲ್ಲಿ ನೆಟ್ ಎಲ್ಲಿಂದ ಬರುತ್ತದೆ? ಗ್ರಾಮ ಪಂಚಾಯ್ತಿ ಕಚೇರಿಗೆ ಸರ್ಕಾರದ ಭಾರತ್‌ನೆಟ್ ಇಂಟರ್ನೆಟ್ ಕೇಬಲ್ ಬಂದಿದೆಯಾ, ಬಂದಿದ್ದರೆ ಅದರ ಪೆಟ್ಟಿಗೆಯ ದೀಪ ಉರಿಯುತ್ತಿದೆಯಾ ಅಂತ ನೀವೇ ಹೋಗಿ ಕಣ್ಣಾರೆ ನೋಡಿ. ಅಲ್ಲಿಂದ ನಿಮ್ಮೂರಿಗೆ ವೈ-ಫೈ ಲಿಂಕ್ ಎಳೆಯಬಹುದು. 2.4 ಗಿಗಾಹರ್ಟ್ಸ್ ಅಲೆಗಳಿಗೆ 2005ರಿಂದ ನಮ್ಮ ದೇಶದಲ್ಲಿ ಪರವಾನಗಿ ಬೇಕಿಲ್ಲ. ಆದರೆ ಮನೆಮನೆಗೆ ದುಡ್ಡಿಗೆ ಇಂಟರ್ನೆಟ್ ಹಂಚುವುದು ಬೇರೆ ವಿಷಯ. ಅದಕ್ಕೆ 2020ರ ಡಿಸೆಂಬರ್‌ನಲ್ಲಿ ಬಂದ ಪಿಎಂ-ವಾಣಿ ಯೋಜನೆಯ ದಾರಿ ಹಿಡಿಯಿರಿ. ಊರಿನ ಕಿರಾಣಿ ಅಂಗಡಿಯವರೂ ಅದರಲ್ಲಿ ವೈ-ಫೈ ಮಾರಬಹುದು, ಪರವಾನಗಿ ಬೇಡ. ವೈ-ಫೈ ಬಂದರೆ ಟವರ್ ಇಲ್ಲದೆಯೂ ಮಾಮೂಲಿ ಕರೆ ಮಾಡಬಹುದು. ಫೋನಿನಲ್ಲಿ ವೈ-ಫೈ ಕಾಲಿಂಗ್ ಇರಬೇಕು, ಅದನ್ನು ಆನ್ ಮಾಡಿರಬೇಕು. ನಿಮ್ಮೂರಲ್ಲಿ ಎಷ್ಟು ಫೋನಿನಲ್ಲಿ ಇದೆ ಅಂತ ಆ ನೋಟ್‌ಬುಕ್‌ನಲ್ಲೇ ಬರೆದುಕೊಳ್ಳಿ. ಉಪಗ್ರಹದ ಡಿಶ್ ಯಾವ ಕಡೆಯಿಂದಲೂ ದಾರಿ ಕಾಣದಿದ್ದಾಗ ಕೊನೆಯ ಆಯ್ಕೆ. ಕೆಟ್ಟರೆ ಊರಲ್ಲಿ ಯಾರೂ ಬಿಚ್ಚಿ ನೋಡುವಂತಿಲ್ಲ, ತಿಂಗಳ ಬಾಡಿಗೆಯೂ ಭಾರ.

ಎರಡೂವರೆ ಲಕ್ಷದಲ್ಲಿ ಒಂದೂಕಾಲು ಲಕ್ಷ ಮುಟ್ಟಬೇಡಿ. ಅದು ಮುಂದಿನ ಮೂರು ವರ್ಷದ ರಿಪೇರಿಗೆ. ಊರಿನ ಇಬ್ಬರನ್ನು ಈಗಲೇ ಆರಿಸಿ, ಒಬ್ಬಳು ಹುಡುಗಿಯಾದರೆ ಒಳ್ಳೆಯದು. ಹುಡುಗರು ಪಿಯುಸಿ ಮುಗಿಸಿ ಬೆಂಗಳೂರಿಗೆ ಹೋಗಿಬಿಡುತ್ತಾರೆ. ಡಬ್ಬ ಕೂರಿಸುವ ದಿನ ಆ ಇಬ್ಬರ ಕೈಯಲ್ಲೇ ಸ್ಪ್ಯಾನರ್ ಇರಲಿ. ಬಂದವರು ಪಕ್ಕದಲ್ಲಿ ನಿಂತು ಹೇಳಿಕೊಡಲಿ. ತಮಿಳುನಾಡಿನ ಥೇಣಿ ಸುತ್ತ ಅರವಿಂದ ಕಣ್ಣಾಸ್ಪತ್ರೆಯವರು ಹಳ್ಳಿಯ ಕೇಂದ್ರಗಳಿಗೆ ಇಂಥದೇ ದೂರದ ವೈ-ಫೈ ಹಾಕಿ ರೋಗಿಗಳಿಗೆ ಪೇಟೆಯ ಡಾಕ್ಟರರನ್ನು ವಿಡಿಯೋದಲ್ಲಿ ತೋರಿಸಿದರು. ಅಲ್ಲಿಯೂ ರೇಡಿಯೋಗಿಂತ ಜಾಸ್ತಿ ಕಾಟ ಕೊಟ್ಟದ್ದು ಕೆಟ್ಟ ಕರೆಂಟು. ಕೆಲಸ ಉಳಿದು ನಡೆದದ್ದು ಅಲ್ಲಿನ ಸಿಬ್ಬಂದಿಯೇ ರಿಪೇರಿ ಕಲಿತದ್ದರಿಂದ.

ಪ್ರಶ್ನೆ: ಅಮ್ಮಾ, ನಾನು ಧಾರವಾಡದವಳು. ಈಗ ತಾಂಜಾನಿಯಾದ ಮ್ವಾಂಜಾ ಕಡೆ ತಾಯಿ-ಮಗುವಿನ ಆರೋಗ್ಯದ ಕೆಲಸದಲ್ಲಿದ್ದೇನೆ. 14 ಹಳ್ಳಿ. ಗರ್ಭಿಣಿಯರಿಗಾಗಿ ಸ್ಮಾರ್ಟ್‌ಫೋನ್ ಆ್ಯಪ್ ಮಾಡಿಸಬೇಕೆಂದು ನಮ್ಮ ಕಚೇರಿಯಲ್ಲಿ ಮಾತು ನಡೆದಿದೆ. ನನಗೆ ಯಾಕೋ ಸಮಾಧಾನವಿಲ್ಲ. ಹೆಚ್ಚಿನವರ ಹತ್ತಿರ ಇರುವುದು ಬಟನ್ ಫೋನ್. ಏನು ಮಾಡಲಿ?
(ಓದುಗರು, ಮ್ವಾಂಜಾ)

ಉತ್ತರ: ಮಗಳೇ, ನಿನ್ನ ಅಸಮಾಧಾನ ಸರಿಯಾಗಿದೆ, ಅದನ್ನು ಬಿಡಬೇಡ. ಬಟನ್ ಫೋನಿನಿಂದ ಏನಾಗುತ್ತದೆ ಅಂತ ಕಚೇರಿಯವರು ಕೇಳಿದರೆ ಪಕ್ಕದ ಕೀನ್ಯಾ ತೋರಿಸು. 2007ರಲ್ಲಿ ಅಲ್ಲಿ ಶುರುವಾದ ಎಂ-ಪೆಸಾ ಬಟನ್ ಫೋನಿನಲ್ಲೇ ಲಕ್ಷಾಂತರ ಜನರ ದುಡ್ಡು ಕಳಿಸುವ ದಾರಿಯಾಯಿತು.

ನೀನು ಮೊದಲು ತಿಳಿಯಬೇಕಾದದ್ದು ಎರಡು. ಫೋನ್ ಹಗಲು ಯಾರ ಜೇಬಿನಲ್ಲಿ ಇರುತ್ತದೆ? ಗಂಡ ಅದನ್ನು ಹಿಡಿದು ಸರೋವರಕ್ಕೆ ಮೀನಿಗೆ ಹೋದರೆ ಹೆಂಡತಿಗೆ ಕಳಿಸಿದ ಸಂದೇಶ ಯಾರಿಗೆ ಮುಟ್ಟಿತು? ಎರಡನೆಯದು ಭಾಷೆ. ಕಚೇರಿಯಲ್ಲಿ ಎಲ್ಲರೂ ಸ್ವಾಹಿಲಿ ಮಾತಾಡುತ್ತಾರೆ. ಹಳ್ಳಿಯ ಅಡುಗೆಮನೆಯಲ್ಲಿ ಸುಕುಮಾ. ಬಸುರಿ ಹುಡುಗಿಗೆ ಬುದ್ಧಿ ಹೇಳುವ ಅಜ್ಜಿಯನ್ನು ಮುಟ್ಟಬೇಕಾದರೆ ಅವಳ ಮಾತಿನಲ್ಲೇ, ದನಿಯಲ್ಲೇ ಹೇಳಬೇಕು. ಓದಿಸಿ ಆಗುವ ಕೆಲಸ ಅಲ್ಲ.

ಛತ್ತೀಸಗಢದಲ್ಲಿ 2010ರಲ್ಲಿ ಪತ್ರಕರ್ತ ಶುಭ್ರಾಂಶು ಚೌಧರಿ ಶುರುಮಾಡಿದ ಸಿಜಿನೆಟ್ ಸ್ವರ ನೋಡು. ಒಂದು ನಂಬರಿಗೆ ಮಿಸ್ಡ್ ಕಾಲ್ ಕೊಟ್ಟರೆ ಅದೇ ತಿರುಗಿ ಕರೆ ಮಾಡುತ್ತದೆ. ಒಂದು ಒತ್ತಿದರೆ ನಿಮ್ಮ ಮಾತು ರೆಕಾರ್ಡ್ ಮಾಡಬಹುದು, ಎರಡು ಒತ್ತಿದರೆ ಬೇರೆಯವರದ್ದು ಕೇಳಬಹುದು. ಗೊಂಡಿ ಮಾತಾಡುವವರು ತಮ್ಮೂರಿನ ಕೆಟ್ಟ ಹ್ಯಾಂಡ್‌ಪಂಪ್, ಬಾರದ ಕೂಲಿ, ಎಲ್ಲ ಹೇಳಿಕೊಂಡರು. ಕೇಳಿದವರು ಅಧಿಕಾರಿಗೆ ಫೋನ್ ಮಾಡಿ ಕೆಲಸ ಮಾಡಿಸಿದರು. ಕರೆಯ ಖರ್ಚು ಬಡವರ ಮೇಲೆ ಬೀಳಲಿಲ್ಲ. ಇದು ಬಹಳ ದೊಡ್ಡದು.

ಫೋನೇ ಇಲ್ಲದವರಿಗೆ ರೇಡಿಯೋ. ಶ್ರೀಲಂಕಾದ ಕೊತ್ಮಲೆಯಲ್ಲಿ 1999ರಲ್ಲಿ ಮಾಡಿದ ಕೆಲಸ ನನಗೆ ಬಹಳ ಇಷ್ಟ. ಹಳ್ಳಿಯವರು ಕಾಗದ ಬರೆದೋ ಫೋನ್ ಮಾಡಿಯೋ ಪ್ರಶ್ನೆ ಕಳಿಸುತ್ತಿದ್ದರು. ರೇಡಿಯೋದವರು ಸ್ಟುಡಿಯೋದಲ್ಲಿ ಇಂಟರ್ನೆಟ್ ಹುಡುಕಿ, ಪಕ್ಕದಲ್ಲಿ ಊರಿನ ಡಾಕ್ಟರರನ್ನೋ ತಿಳಿದವರನ್ನೋ ಕೂರಿಸಿಕೊಂಡು, ಸಿಂಹಳದಲ್ಲಿ ಬಿಡಿಸಿ ಹೇಳುತ್ತಿದ್ದರು. ಒಂದೇ ಇಂಟರ್ನೆಟ್ ಲೈನ್ ಇಡೀ ಕಣಿವೆಗೆ ಆಯಿತು! ನಿಮ್ಮಲ್ಲೂ ಹತ್ತಿರದ ರೇಡಿಯೋ ಕೇಂದ್ರದವರ ಜೊತೆ ವಾರಕ್ಕೆ ಅರ್ಧ ಗಂಟೆ ಮಾತಾಡಿಕೊಳ್ಳಿ. ಪ್ರಶ್ನೆ ಮಿಸ್ಡ್ ಕಾಲ್‌ನಲ್ಲಿ ಬರಲಿ, ಉತ್ತರ ರೇಡಿಯೋದಲ್ಲಿ ಹೋಗಲಿ.

ಫೋನ್ ಚಾರ್ಜ್ ಮಾಡಿಸಲು ಅಲ್ಲಿಯ ಹೆಂಗಸರು ಎಷ್ಟು ದೂರ ನಡೆಯುತ್ತಾರೆ, ಎಷ್ಟು ಕೊಡುತ್ತಾರೆ, ಅದನ್ನೂ ಕೇಳು. ದಕ್ಷಿಣ ಆಫ್ರಿಕಾದ ಮಂಕೋಸಿಯಲ್ಲಿ ಊರವರೇ ಸಹಕಾರ ಸಂಘ ಮಾಡಿಕೊಂಡು ಜೆನ್ಜೆಲೆನಿ ಎಂಬ ಜಾಲ ಕಟ್ಟಿದ್ದಾರೆ. ಆ ಹೆಸರಿನ ಅರ್ಥ "ನೀವೇ ಮಾಡಿಕೊಳ್ಳಿ" ಅಂತ. ಅಲ್ಲಿ ಸೋಲಾರಿನಿಂದ ಫೋನ್ ಚಾರ್ಜ್ ಮಾಡಿಕೊಟ್ಟೇ ಸಂಘಕ್ಕೆ ದುಡ್ಡು ಬಂತು. ಆ್ಯಪ್‌ಗೆ ಇಟ್ಟ ದುಡ್ಡಿನಲ್ಲಿ 14 ಊರಿಗೆ 14 ಚಾರ್ಜಿಂಗ್ ಪ್ಯಾನೆಲ್ ಕೊಟ್ಟು, ಅದನ್ನು ಸೂಲಗಿತ್ತಿಯರ ಮನೆಯಲ್ಲಿಟ್ಟರೆ ಹೇಗೆ? ಚಾರ್ಜ್ ಆಗುವಷ್ಟು ಹೊತ್ತು ಬಸುರಿಯರು ಅವಳ ಜೊತೆ ಕೂತಿರುತ್ತಾರಲ್ಲ.

ಪ್ರಶ್ನೆ: ನಮ್ಮ ಮಹಿಳಾ ಸಂಘ ಸಮುದಾಯ ರೇಡಿಯೋ ಮಾಡಬಹುದೇ? ನಮಗೆ ಯಾರು ಪರವಾನಗಿ ಕೊಡುತ್ತಾರೆ?
(ಓದುಗರು, ಮುಳಬಾಗಿಲು)

ಉತ್ತರ: ಮಾಡಬಹುದು. ಸಂಘ ನೋಂದಣಿಯಾಗಿ ಮೂರು ವರ್ಷ ಆಗಿರಬೇಕು, ಲಾಭಕ್ಕಾಗಿ ಇರಬಾರದು. ಒಬ್ಬ ವ್ಯಕ್ತಿಯ ಹೆಸರಿಗೆ, ರಾಜಕೀಯ ಪಕ್ಷಕ್ಕೆ ಕೊಡುವುದಿಲ್ಲ. ಅರ್ಜಿ ಕೇಂದ್ರದ ವಾರ್ತಾ ಮತ್ತು ಪ್ರಸಾರ ಸಚಿವಾಲಯಕ್ಕೆ. ಹೊರಸೂಸುವ ಶಕ್ತಿ 100 ವ್ಯಾಟ್, ಕಂಬ 30 ಮೀಟರ್, ಇದು ಮಿತಿ. ಸುತ್ತಲ ಹಳ್ಳಿಗಳಿಗೆ ಸಾಕು. ಅರ್ಧದಷ್ಟಾದರೂ ಕಾರ್ಯಕ್ರಮ ನಿಮ್ಮಲ್ಲೇ ತಯಾರಾಗಬೇಕು.

ನಿಮ್ಮ ಜಿಲ್ಲೆಯಲ್ಲೇ ದಾರಿ ತೋರಿಸಿದವರಿದ್ದಾರೆ. ಹೈದರಾಲಿ ಹುಟ್ಟಿದ ಬೂದಿಕೋಟೆ ಗೊತ್ತಲ್ವಾ? 2000ದ ದಶಕದ ಶುರುವಿನಲ್ಲಿ ಅಲ್ಲಿಯ ಸ್ವಸಹಾಯ ಸಂಘದ ಹೆಣ್ಣುಮಕ್ಕಳು "ನಮ್ಮ ಧ್ವನಿ" ಶುರುಮಾಡಿದರು. ಆಗ ಹಳ್ಳಿಯವರಿಗೆ ರೇಡಿಯೋ ಪರವಾನಗಿಯೇ ಇರಲಿಲ್ಲ. ಗಾಳಿಯಲ್ಲಿ ಕಳಿಸಬಾರದು ಅಂದರೆ ತಂತಿಯಲ್ಲಿ ಕಳಿಸೋಣ ಅಂತ ಕೇಬಲ್ ಎಳೆದು ಮನೆಮನೆಗೆ ಧ್ವನಿ ಮುಟ್ಟಿಸಿದರು. ಸರ್ಕಾರ ಇಂಥ ಸಂಸ್ಥೆಗಳಿಗೆ ಬಾಗಿಲು ತೆರೆದದ್ದು 2006ರ ಕೊನೆಗೆ. 2008ರ ಅಕ್ಟೋಬರ್‌ನಲ್ಲಿ ಆಗಿನ ಮೇದಕ್ ಜಿಲ್ಲೆಯ ಮಾಚನೂರಿನಲ್ಲಿ ದಲಿತ ಹೆಣ್ಣುಮಕ್ಕಳು ಸಂಘಂ ರೇಡಿಯೋ ಶುರುಮಾಡಿದರು. ಪ್ರಸಾರ ಸಂಜೆ ಹೊತ್ತು, ಹೊಲದಿಂದ ಮನೆಗೆ ಬಂದ ಮೇಲೆ. ನೀವೂ ಮೊದಲು ಹೊತ್ತು ಗೊತ್ತುಮಾಡಿಕೊಳ್ಳಿ, ಆಮೇಲೆ ಯಂತ್ರ. ಪರವಾನಗಿ ಬರುವವರೆಗೆ ಸುಮ್ನೆ ಕೂರಬೇಡಿ. ಫೋನಿನಲ್ಲೇ ರೆಕಾರ್ಡ್ ಮಾಡಿ, ಸಂಘದ ಸಭೆಯಲ್ಲಿ ಹಾಕಿ ಕೇಳಿಸಿ.

ಪ್ರಶ್ನೆ: ನಾನು ಎಂಜಿನಿಯರಿಂಗ್ ವಿದ್ಯಾರ್ಥಿ. ಹಳ್ಳಿ ಸಂಪರ್ಕದ ಹಳೆಯ ಯೋಜನೆಗಳ ಬಗ್ಗೆ ಪ್ರಾಜೆಕ್ಟ್ ಮಾಡಲು ಹೇಳಿದ್ದಾರೆ. ಈಗ ಎಲ್ಲರ ಕೈಯಲ್ಲೂ ಮೊಬೈಲ್ ಇದೆ. ಮುಚ್ಚಿಹೋದ ಯೋಜನೆ ಓದಿ ಏನು ಉಪಯೋಗ?
(ಓದುಗರು, ತುಮಕೂರು)

ಉತ್ತರ: ನಿನ್ನ ಮೊಬೈಲ್ ಹಿಡಿದು ಮೇಲಿನ ಸಾಗರದವರ ಊರಿಗೆ ಒಂದು ದಿನ ಹೋಗಿ ಬಾ ತಮ್ಮಾ.

ಹಳೆಯದರಲ್ಲಿ ಬೇಕಾದಷ್ಟಿದೆ. ದೊಡ್ಡಬಳ್ಳಾಪುರದಲ್ಲಿ 2000ದ ದಶಕದ ಮೊದಲಲ್ಲಿ ಡಾಕ್‌ನೆಟ್ ಎಂಬ ಪ್ರಯೋಗ ಆಯಿತು. ಸರ್ಕಾರಿ ಬಸ್ಸಿಗೆ ವೈ-ಫೈ ಪೆಟ್ಟಿಗೆ ಕಟ್ಟಿದರು. ಬಸ್ಸು ಹಳ್ಳಿ ಹಾಯುವಾಗ ಅಲ್ಲಿಯ ಕಂಪ್ಯೂಟರಿನಿಂದ ಪಹಣಿ ಅರ್ಜಿಗಳನ್ನು ಎತ್ತಿಕೊಂಡು, ತಾಲೂಕು ಮುಟ್ಟಿದಾಗ ಇಳಿಸುತ್ತಿತ್ತು. ಅಂಚೆಯಣ್ಣ ಮಾಡಿದ ಹಾಗೆ. ಕಾಂಬೋಡಿಯಾದ ರತನಕಿರಿಯಲ್ಲಿ ಮೋಟಾರ್‌ಬೈಕ್‌ಗಳು ಇದೇ ಕೆಲಸ ಮಾಡಿದವು. ಯಾವ ಮಾತು ತಕ್ಷಣ ಮುಟ್ಟಬೇಕು, ಯಾವುದು ಸಂಜೆಗೆ ಮುಟ್ಟಿದರೂ ನಡೆಯುತ್ತದೆ ಅಂತ ಬೇರೆ ಮಾಡಿ ನೋಡಿದ್ದು ಅದರಲ್ಲಿ ಕಲಿಯುವಂಥದ್ದು.

ಪುದುಚೇರಿಯ ನಲ್ಲವಾಡು ಮೀನುಗಾರರ ಊರು. ಸ್ವಾಮಿನಾಥನ್ ಪ್ರತಿಷ್ಠಾನದ ಮಾಹಿತಿ ಕೇಂದ್ರದಲ್ಲಿ ಒಂದು ಧ್ವನಿವರ್ಧಕ ಇತ್ತು. ದಿನವೂ ಸಮುದ್ರದ ಅಲೆಯ ಸುದ್ದಿ ಹೇಳಲಿಕ್ಕೆ. 2004ರ ಡಿಸೆಂಬರ್ 26ರ ಬೆಳಗ್ಗೆ ಸಿಂಗಾಪುರದಲ್ಲಿದ್ದ ಊರಿನ ಹುಡುಗ ಟಿವಿಯಲ್ಲಿ ಸುನಾಮಿ ಸುದ್ದಿ ನೋಡಿ ಮನೆಗೆ ಫೋನ್ ಮಾಡಿದ. ಆ ಧ್ವನಿವರ್ಧಕದಲ್ಲೇ ಕೂಗಿ ಹೇಳಿದರು. ಜನ ಓಡಿ ಉಳಿದರು. ಕಂಪ್ಯೂಟರು, ಇಂಟರ್ನೆಟ್ಟು ಎಲ್ಲ ಇದ್ದ ಕೇಂದ್ರ ಅದು. ಆವತ್ತು ಜೀವ ಉಳಿಸಿದ್ದು ಒಂದು ಫೋನ್ ಮತ್ತು ಒಂದು ಮೈಕು. ನಿನ್ನ ಪ್ರಾಜೆಕ್ಟಿನಲ್ಲಿ ಇದಕ್ಕೆ ಒಂದು ಪೂರ್ತಿ ಅಧ್ಯಾಯ ಕೊಡು.

ಕಿತ್ತೂರಿನದ್ದೂ ಬರೆ. ಸರ್ಕಾರದ ಟೆಲಿಫೋನ್ ಸಂಶೋಧನಾ ಸಂಸ್ಥೆ ಸಿ-ಡಾಟ್ ತಯಾರಿಸಿದ 128 ಲೈನಿನ ಹಳ್ಳಿ ಎಕ್ಸ್‌ಚೇಂಜ್ ಮೊಟ್ಟಮೊದಲು ಕೂತದ್ದು 1986ರಲ್ಲಿ ನಮ್ಮ ಬೆಳಗಾವಿ ಜಿಲ್ಲೆಯ ಕಿತ್ತೂರಿನಲ್ಲಿ. ಏಸಿ ಬೇಕಿಲ್ಲದ ಯಂತ್ರ. ಸೆಕೆ, ಧೂಳು ತಡೆಯುತ್ತಿತ್ತು. ನಾನು ಕೆಲಸಕ್ಕೆ ಸೇರಿದ ಮೇಲೆ ಅದೇ ಜಾತಿಯ ಪೆಟ್ಟಿಗೆಯ ಮುಂದೆ ವರ್ಷಗಟ್ಟಲೆ ಕೂತಿದ್ದೇನೆ. ಕಾರ್ಡ್ ಕೆಟ್ಟರೆ ಎಳೆದು ಇನ್ನೊಂದು ಕಾರ್ಡ್ ಹಾಕು, ಆಯಿತು. ಹಿಂದಿನ ಕೋಣೆಯಲ್ಲಿ ಬ್ಯಾಟರಿ ಸಾಲು. ಬೆಳಗ್ಗೆ ಬಾಗಿಲು ತೆಗೆದ ಕೂಡಲೇ ಮೂಗಿಗೆ ಆಸಿಡ್ ಘಾಟು. ಒಂದೊಂದು ಸೆಲ್ಲಿಗೂ ಹೈಡ್ರೋಮೀಟರ್ (ಆಸಿಡ್ ಎಷ್ಟು ಗಟ್ಟಿ ಇದೆ ಅಂತ ತೋರಿಸುವ ಕೊಳವೆ) ಇಳಿಬಿಟ್ಟು ನೋಡಿ ಪುಸ್ತಕದಲ್ಲಿ ಬರೆಯಬೇಕು. 1200 ಇದ್ದರೆ ನೆಮ್ಮದಿ. ಇಳಿಯುತ್ತಾ ಬಂದರೆ ಆ ವಾರ ಎಲ್ಲೋ ತೊಂದರೆ ಕಾದಿದೆ ಅಂತ ಲೆಕ್ಕ. ಆ ಪುಸ್ತಕ ನೋಡಿಯೇ ಎಷ್ಟೋ ಸಲ ಊರಿನ ಫೋನ್ ಸಾಯುವ ಮೊದಲೇ ಸರಿಮಾಡಿದ್ದೇನೆ. ಯಂತ್ರದ ಜೊತೆಗೆ ಅಂಥ ಪುಸ್ತಕ, ಬರೆಯುವ ಕೈ ಇದೆಯಾ ಅಂತ ನೀನು ಓದುವ ಪ್ರತಿ ಯೋಜನೆಯಲ್ಲೂ ಹುಡುಕು. ಮುಚ್ಚಿಹೋದದ್ದು ಯಾಕೆ ಅಂತ ಅಲ್ಲಿಂದ ಹಿಡಿಯಬಹುದು.

ಪ್ರಶ್ನೆ: ಮೆಕ್ಸಿಕೋದ ಒಂದು ಹಳ್ಳಿಯವರು ತಾವೇ ಮೊಬೈಲ್ ಟವರ್ ಹಾಕಿಕೊಂಡರಂತೆ. ನಾವೂ ಹಾಕಬಹುದಾ?
(ಓದುಗರು, ಜೋಯಿಡಾ)

ಉತ್ತರ: ಕೇಳಿದ್ದು ನಿಜ. ಓಹಾಕಾ ರಾಜ್ಯದ ತಲೇಯಾ ದೆ ಕಾಸ್ತ್ರೊ ಎಂಬ ಬೆಟ್ಟದೂರು. ಊರು ಸಣ್ಣದು ಅಂತ ಕಂಪನಿಗಳು ಬರಲಿಲ್ಲ. 2013ರಲ್ಲಿ ಊರ ಸಭೆ ಸೇರಿ, ರೈಜೊಮ್ಯಾಟಿಕಾ ಸಂಸ್ಥೆಯ ನೆರವಿನಿಂದ ಸ್ವಂತ ಜಾಲ ಮಾಡಿಕೊಂಡರು. ಲೈನ್ ಕಟ್ಟಿಕೊಳ್ಳಬಾರದು ಅಂತ ಒಂದು ಕರೆಗೆ ಐದೇ ನಿಮಿಷ ಅಂತ ಮಿತಿ ಹಾಕಿದರು. ಮುಂದೆ ಅಂಥ ಊರುಗಳಿಗೆ ಅಲ್ಲಿಯ ಸರ್ಕಾರ ಮೊಬೈಲ್ ಅಲೆಗಳನ್ನು ಬಳಸುವ ಹಕ್ಕನ್ನೂ ಕೊಟ್ಟಿತು. ನಮ್ಮಲ್ಲಿ ಆ ಅಲೆಗಳು ಹರಾಜಿನಲ್ಲಿ ಕಂಪನಿಗಳ ಪಾಲಾಗಿವೆ. ನೀವು ಹಾಕಿದರೆ ಕೇಸು ಬೀಳುತ್ತದೆ. ಕಾಡಿನ ನಡುವೆ ಚದುರಿಹೋದ ಜೋಯಿಡಾದಂಥ ಊರುಗಳಿಗೆ ಇದು ಅನ್ಯಾಯ ಅಂತಲೇ ನನ್ನ ಅಭಿಪ್ರಾಯ. ಗ್ರಾಮಸಭೆಯಲ್ಲಿ ಠರಾವು ಮಾಡಿ ಸಂಸದರಿಗೆ ಕಳಿಸಿ. ನನಗೂ ಒಂದು ಪ್ರತಿ ಕಳಿಸಿ, ನಾನೂ ಬರೆಯುತ್ತೇನೆ. ಅಲ್ಲಿಯವರೆಗೆ ಸಾಗರದವರಿಗೆ ಹೇಳಿದ ವೈ-ಫೈ ದಾರಿ ನಿಮಗೂ ಆಗುತ್ತದೆ.

ಪ್ರಶ್ನೆ: ಪ್ರತಿ ವರ್ಷ ಮೊದಲ ಗುಡುಗಿಗೇ ನಮ್ಮ ಲೈಬ್ರರಿಯ ರೂಟರ್ ಸುಟ್ಟುಹೋಗುತ್ತದೆ. ಏನು ಮಾಡೋಣ?
(ಓದುಗರು, ಕೊಪ್ಪ)

ಉತ್ತರ: ಆಂಟೆನಾ ಕಂಬಕ್ಕೆ ಅರ್ತಿಂಗ್ ಇದೆಯಾ ನೋಡಿ. ಇದ್ದರೂ ಬೇಸಿಗೆಯಲ್ಲಿ ಆ ಗುಂಡಿ ಒಣಗಿರುತ್ತದೆ, ಅದಕ್ಕೇ ಮೊದಲ ಗುಡುಗಿಗೆ ಏಟು. ಮಾರ್ಚ್‌ನಿಂದ ವಾರಕ್ಕೆರಡು ಕೊಡ ನೀರು ಹಾಕಿ. ಕಂಬದಿಂದ ಬರುವ ಕೇಬಲ್ ಕಟ್ಟಡದೊಳಗೆ ಹೋಗುವ ಜಾಗದಲ್ಲಿ ಸಿಡಿಲು ತಡೆಯುವ ಸರ್ಜ್ ಪ್ರೊಟೆಕ್ಟರ್ ಹಾಕಿ, ಅದರ ತಂತಿಯನ್ನು ಅದೇ ಅರ್ತಿಂಗ್‌ಗೆ ಸೇರಿಸಿ. ಮೋಡ ಕವಿಯುತ್ತಿದ್ದ ಹಾಗೆ, ಗುಡುಗು ಕೇಳುವ ಮೊದಲೇ, ಕರೆಂಟಿನ ಪ್ಲಗ್ಗು ಮತ್ತು ಆಂಟೆನಾ ಕೇಬಲ್ ಎರಡನ್ನೂ ಕಿತ್ತಿಡಿ. ಒಂದನ್ನು ಮಾತ್ರ ಕಿತ್ತರೆ ಪ್ರಯೋಜನವಿಲ್ಲ. ಗುಡುಗು ಶುರುವಾಗಿಬಿಟ್ಟಿದ್ದರೆ ಮಾತ್ರ ಯಾರೂ ಕೇಬಲ್ ಮುಟ್ಟಬೇಡಿ, ರೂಟರ್ ಹೋದರೆ ಹೋಗಲಿ.